ಕೈಯಲ್ಲಿ ಗಿಟಾರ್ ಇದ್ದಾಗ ಮೈಕ್ ಎಲ್ಲಿಡುವುದು?

ತುಂಗಾದಂಡೆ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಅಣ್ಣ ಬೆಂಗಳೂರಿನ ಮನೆ ಖಾಲಿ ಮಾಡುವಾಗ ತನ್ನ ಹಳೆಯ ರಾಕ್ ಬ್ಯಾಂಡ್ (ಹಾಡಿಗೆ ಸರಿಯಾಗಿ ಬಾರಿಸುತ್ತಾ, ಹಾಡುತ್ತಾ ಆಡುವ ವಿಡಿಯೊ ಗೇಮ್) ಗಿಟಾರ್ ಕಂಟ್ರೋಲರ್ ಮತ್ತು ಅದರ ಜೊತೆ ಬಂದಿದ್ದ ಯುಎಸ್‌ಬಿ ಮೈಕ್ ನನಗೆ ಕೊಟ್ಟ. ಕನ್ಸೋಲ್ ಕೆಟ್ಟು ವರ್ಷಗಳಾದವು. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಯಾರ್ಗ್ ಹಾಕಿಕೊಂಡೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ಉಚಿತ ಆಟ. ಗಿಟಾರ್, ಡ್ರಮ್, ಹಾಡು ಮೂರೂ ಇದೆ. ಕ್ಲೋನ್ ಹೀರೋ ಕೂಡ ಚೆನ್ನಾಗಿದೆ, ಆದರೆ ಅದರಲ್ಲಿ ಹಾಡಿ ಅಂಕ ಗಳಿಸಲು ಆಗುವುದಿಲ್ಲ.

ನನ್ನ ಆಸೆ ಒಂದೇ. ನಾನೇ ಬಾರಿಸಬೇಕು, ನಾನೇ ಹಾಡಬೇಕು. ಎರಡು ಪ್ರೊಫೈಲ್ ಮಾಡಿ ಒಂದಕ್ಕೆ ಗಿಟಾರ್, ಇನ್ನೊಂದಕ್ಕೆ ಮೈಕ್ ಕೊಟ್ಟಿದ್ದೇನೆ. ಎಡಗೈ ಬಣ್ಣದ ಬಟನ್ ಮೇಲೆ, ಬಲಗೈ ತಂತಿಯ ಬದಲು ಮೀಟುವ ಸ್ಟ್ರಮ್ ಪಟ್ಟಿಯ ಮೇಲೆ. ಮೈಕ್ ಹಿಡಿಯಲು ಕೈ ಉಳಿಯುವುದಿಲ್ಲ.

ಇಲ್ಲಿಯವರೆಗೆ ಮಾಡಿದ್ದು: ಕುರ್ಚಿಯ ಮೇಲೆ ದಿಂಬು ಪೇರಿಸಿ ಅದರ ಮೇಲೆ ಮೈಕ್ ಇಟ್ಟೆ. ಬಗ್ಗಿ ಬಗ್ಗಿ ಬೆನ್ನು ನೋವು ಬಂತು. ಆಮೇಲೆ ತಂಗಿ ಹಿಡಿದುಕೊಂಡಳು, ಎರಡು ಹಾಡಿಗೆ ಅವಳಿಗೆ ಸಾಕಾಯಿತು. ಇನ್ನೊಂದು ವಿಚಿತ್ರ ನೋಡಿದೆ. ನಾನು ಸುಮ್ನೆ ನಿಂತಿದ್ದರೂ ಪರದೆಯಲ್ಲಿ ಸ್ವರದ ಗುರುತು ತಾನಾಗಿ ಏರಿಳಿಯುತ್ತದೆ, ಅಂಕವೂ ಬರುತ್ತದೆ. ಅದು ಯಾಕೆ?

ಸ್ಟ್ಯಾಂಡ್ ಕೊಳ್ಳಲು ಆಗುವುದಿಲ್ಲ ಅಂತಲ್ಲ. ಆದರೆ ಮನೆಯಲ್ಲಿ ಇರುವುದರಲ್ಲೇ ಮಾಡಿದವರು ಇಲ್ಲಿ ಇರುತ್ತಾರೆ ಅನ್ನಿಸಿತು. ದಯವಿಟ್ಟು ಹೇಳಿ.

ಜಗಲಿಕಟ್ಟೆ (ಹೆಗ್ಗೋಡು)

ನಾನು ಈ ಕಡೆ ನಾಟಕ, ತಾಳಮದ್ದಳೆಗೆಲ್ಲ ಸೌಂಡ್ ನೋಡಿಕೊಳ್ಳುತ್ತೇನೆ. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕಂದ್ರೆ ಮೊದಲನೆಯದರ ಉತ್ತರವೂ ಅದರಲ್ಲೇ ಇದೆ.

ಟಿವಿಯ ಅಥವಾ ಲ್ಯಾಪ್‌ಟಾಪಿನ ಸ್ಪೀಕರಿನಿಂದ ಬರುವ ಮೂಲ ಗಾಯಕನ ದನಿಯನ್ನೇ ನಿಮ್ಮ ಮೈಕ್ ಕೇಳಿಸಿಕೊಳ್ಳುತ್ತಿದೆ. ಆಟಕ್ಕೆ ಯಾರ ದನಿ ಅಂತ ಗೊತ್ತಾಗುವುದಿಲ್ಲ. ಸ್ವರ ಸರಿ ಇದ್ದರೆ ಅಂಕ ಕೊಡುತ್ತದೆ. ಇದಕ್ಕೆ ಪೂರ್ತಿ ಪರಿಹಾರ ತಂತಿ ಇರುವ ಹೆಡ್‌ಫೋನ್. ಅರ್ಧ ಪರಿಹಾರ ಮೈಕಿನ ದಿಕ್ಕು. ವೇದಿಕೆಯಲ್ಲಿ ಹಾಡಲು ಬಳಸುವ ಮೈಕುಗಳು ಹೆಚ್ಚಾಗಿ ಕಾರ್ಡಿಯಾಯ್ಡ್ ಜಾತಿಯವು. ಮುಂದಿನಿಂದ ಬಂದದ್ದನ್ನು ಚೆನ್ನಾಗಿ ಕೇಳುತ್ತವೆ, ಬೆನ್ನ ಹಿಂದಿನದನ್ನು ತುಂಬಾ ಕಡಿಮೆ ಕೇಳುತ್ತವೆ. ನೀವು ಟಿವಿಗೆ ಮುಖ ಮಾಡಿ ನಿಂತಾಗ ಮೈಕ್ ನಿಮಗೆ ಮುಖ ಮಾಡಿರುತ್ತದೆ, ಅದರ ಬೆನ್ನು ಟಿವಿಗೆ. ಅದೇ ಸರಿಯಾದ ಜಾಗ. ದಿಂಬಿನ ಮೇಲೆ ಮಲಗಿಸಿದರೆ ಆ ಲಾಭ ಹೋಯಿತು.

ಇನ್ನು ದೂರ. ಬಾಯಿಂದ ಮೈಕಿಗೆ ಇರುವ ದೂರ ಎರಡರಷ್ಟಾದಾಗಲೆಲ್ಲ ನಿಮ್ಮ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. 3 ಸೆಂಟಿಮೀಟರಿನಿಂದ 24ಕ್ಕೆ ಹೋದರೆ 18 ಡೆಸಿಬಲ್ ಕಡಿಮೆ. ಟಿವಿಯ ದನಿ ಮಾತ್ರ ಇದ್ದ ಹಾಗೇ ಇರುತ್ತದೆ. ಆಗ ಯಾರ ಸ್ವರ ಗೆಲ್ಲುತ್ತದೆ ಹೇಳಿ. ಹಾಗಾಗಿ ಏನೇ ಕಟ್ಟಿದರೂ ಮೈಕ್ ಬಾಯಿಯ ಹತ್ತಿರ ಇರಬೇಕು, ನೀವು ಅಲುಗಾಡಿದರೂ ಆ ದೂರ ಬದಲಾಗಬಾರದು. ನನ್ನ ಅನುಭವದಲ್ಲಿ ಅಂದಚಂದ, ಬೆಲೆ, ಬ್ರಾಂಡ್ ಎಲ್ಲ ಇದರ ನಂತರ.

ಸ್ಟ್ಯಾಂಡಿಗೆ ನಾನು ಮಾಡಿದ್ದು ಹೀಗೆ. ಖಾಲಿ ಪೇಂಟ್ ಬಕೆಟಿಗೆ ಮರಳು ತುಂಬಿ ನಡುವೆ ಒಂದು ಪಿವಿಸಿ ಪೈಪ್ ನಿಲ್ಲಿಸಿದೆ. ಅದರ ತುದಿಗೆ ಅಡ್ಡವಾಗಿ ಒಂದು ವಾಟೆ (ಬಿದಿರಿನ ಜಾತಿಯ ತೆಳು ಕೋಲು) ಕಟ್ಟಿದೆ. ವಾಟೆ ಹಗುರ, ಒಳಗೆ ಟೊಳ್ಳು. ಗಂಟುಗಳನ್ನು ಕಾಯಿಸಿದ ಕಬ್ಬಿಣದ ಸರಳಿನಿಂದ ತೂತು ಮಾಡಿದರೆ ತೆಳು ತಂತಿಯನ್ನು ಒಳಗೇ ಎಳೆಯಬಹುದು. ಹಿಂದಿನ ತುದಿಗೆ ತೂಕಕ್ಕೆ ಒಂದು ಕಲ್ಲು. ಮುಂದಿನ ತುದಿಗೆ ಮೈಕನ್ನು ಹಳೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತಿ. ರಬ್ಬರ್ ಇರುವುದರಿಂದ ನೆಲದ ಅದುರು ಮೈಕಿಗೆ ಅಷ್ಟಾಗಿ ಹೋಗುವುದಿಲ್ಲ. ಅಡ್ಡ ಕೋಲು ಯಾಕೆ ಅಂದ್ರೆ ನೆಟ್ಟಗಿನ ಕಂಬ ಗಿಟಾರಿಗೆ ಬಡಿಯುತ್ತದೆ. ಪಕ್ಕದಿಂದ ಬಂದರೆ ನಿಮ್ಮ ಮುಂದೆ ಜಾಗ ಖಾಲಿ ಇರುತ್ತದೆ.

ಹಿನ್ನೀರು (ಸಾಗರ)

ಜಗಲಿಕಟ್ಟೆಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಆಟ ಮಾಡಿದವರಿಗೂ ಈ ತೊಂದರೆ ಗೊತ್ತಿತ್ತು. 2007ರ ಮೊದಲ ರಾಕ್ ಬ್ಯಾಂಡ್ ಪೆಟ್ಟಿಗೆಯಲ್ಲಿ ಗಿಟಾರ್, ಡ್ರಮ್, ಮೈಕ್ ಮಾತ್ರ. 2009ರಲ್ಲಿ ದಿ ಬೀಟಲ್ಸ್ ರಾಕ್ ಬ್ಯಾಂಡ್ ಬಂದಾಗ ಮೂರು ದನಿಯ ಹಾರ್ಮನಿ, ಅಂದ್ರೆ ಬೇರೆ ಬೇರೆ ಸ್ವರದಲ್ಲಿ ಒಟ್ಟಿಗೆ ಹಾಡುವುದನ್ನು ಸೇರಿಸಿದರು. ಅದರ ದೊಡ್ಡ ಪೆಟ್ಟಿಗೆಯಲ್ಲಿ ಮೈಕ್ ಸ್ಟ್ಯಾಂಡನ್ನೂ ಇಟ್ಟು ಮಾರಿದರು.

ಆದರೆ ನನಗೆ ಸ್ಟ್ಯಾಂಡ್ ಇಷ್ಟ ಇಲ್ಲ. ಒಂದೇ ಕಡೆ ನಿಲ್ಲಬೇಕಾಗುತ್ತದೆ. ನಾನು ಗಿಟಾರ್ ಎತ್ತಿ ಓವರ್‌ಡ್ರೈವ್ (ಸ್ವಲ್ಪ ಹೊತ್ತು ಅಂಕ ಎರಡರಷ್ಟಾಗುವ ಸೌಲಭ್ಯ) ಹಾಕುವಾಗ ಇಡೀ ಮೈ ತಿರುಗುತ್ತದೆ. ಹಾಗಾಗಿ ತಲೆಗೇ ಕಟ್ಟಿಕೊಂಡೆ.

ಫೋನಿನ ಜೊತೆ ಬರುತ್ತಿದ್ದ ಹಳೆ ಇಯರ್‌ಫೋನ್ ಇರುತ್ತದಲ್ಲ, ಅದರ ತಂತಿಯ ಮಧ್ಯೆ ಒಂದು ಪುಟ್ಟ ಮೈಕ್ ಇದೆ. ಬಟನ್ ಇರುವ ಗುಳಿಗೆಯಲ್ಲಿ ಸೂಜಿಮೊನೆಯಷ್ಟು ತೂತು ಕಾಣಿಸುತ್ತದೆ, ಅದೇ. ಹೆಂಡತಿಯ ಪ್ಲಾಸ್ಟಿಕ್ ಹೇರ್‌ಬ್ಯಾಂಡಿಗೆ 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಂತಿ ಸುತ್ತಿದೆ. ಕಿವಿಯ ಮುಂದಿನಿಂದ ಕೆನ್ನೆಯ ಉದ್ದಕ್ಕೆ ಬಗ್ಗಿಸಿದೆ. ಆ ಗುಳಿಗೆಯನ್ನು ತುದಿಗೆ ಬಟ್ಟೆ ಟೇಪಿನಲ್ಲಿ ಅಂಟಿಸಿದೆ, ತೂತು ಬಾಯಿಯ ಕಡೆಗೆ. ಬಾಯಿಯ ನೇರ ಎದುರು ಇಡಬೇಡಿ. ತುಟಿಯ ಮೂಲೆಗೆ, ಎರಡು ಬೆರಳು ದೂರದಲ್ಲಿ ಇರಲಿ. ನೇರ ಇಟ್ಟರೆ ಪ, ಫ, ಬ, ಭ ಬಂದಾಗಲೆಲ್ಲ ಢಬ್ ಅಂತ ಗಾಳಿ ಬಡಿಯುತ್ತದೆ. ನಮ್ಮ ಭಾಷೆಯಲ್ಲಿ ಮಹಾಪ್ರಾಣ ಬೇರೆ ಇದೆ. ಮೇಲೆ ಪ್ಯಾಕಿಂಗ್ ಫೋಮಿನ ಚೂರನ್ನು ಟೊಪ್ಪಿಯ ಹಾಗೆ ಹಾಕಿ.

ಒಂದು ಎಚ್ಚರಿಕೆ. ಇಯರ್‌ಫೋನಿನ ಪಿನ್ನಿನಲ್ಲಿ ನಾಲ್ಕು ಭಾಗ ಇರುತ್ತದೆ. ಎರಡು ಕಿವಿಗೆ ಎರಡು, ಒಂದು ಗ್ರೌಂಡ್, ಒಂದು ಮೈಕ್. ಅದನ್ನು ಡೆಸ್ಕ್‌ಟಾಪಿನ ಗುಲಾಬಿ ಬಣ್ಣದ ಮೈಕ್ ತೂತಿಗೆ ಹಾಗೇ ಚುಚ್ಚಿದರೆ ಮೈಕ್ ಕೆಲಸ ಮಾಡುವುದಿಲ್ಲ. ಒಂದನ್ನು ಎರಡಾಗಿ ಒಡೆಯುವ ವೈ ಆಕಾರದ ಕೇಬಲ್ ಬೇಕು, ಇಲ್ಲವೇ ಒಂದೇ ತೂತಿನ ಯುಎಸ್‌ಬಿ ಸೌಂಡ್ ಕಾರ್ಡ್. ಒಂದೇ ತೂತು ಇರುವ ಈಗಿನ ಲ್ಯಾಪ್‌ಟಾಪುಗಳಿಗೆ ಸಾಮಾನ್ಯವಾಗಿ ನೇರ ಹೊಂದುತ್ತದೆ.

ತುಂಗಾದಂಡೆ (ಶಿವಮೊಗ್ಗ)

ಎಷ್ಟು ಬೇಗ ಉತ್ತರ ಕೊಟ್ಟಿರಿ! ಹೆಡ್‌ಫೋನ್ ಹಾಕಿ ನೋಡಿದೆ. ಆ ತಾನಾಗಿ ಏರಿಳಿಯುವ ಗುರುತು ನಿಂತೇ ಹೋಯಿತು. ಅಂಕ 90ರ ಮೇಲಿದ್ದದ್ದು 60ಕ್ಕೆ ಇಳಿಯಿತು, ಆದರೆ ಇದು ನನ್ನ ಸ್ವಂತದ 60. ಖುಷಿಯಾಯಿತು.

ಬ್ಲೂಟೂತ್ ಹೆಡ್‌ಸೆಟ್ ಒಂದಿದೆ, ಅದರಲ್ಲೇ ಮೈಕೂ ಇದೆ. ಅದನ್ನೇ ಬಳಸಿದರೆ ಏನೂ ಕಟ್ಟುವುದೇ ಬೇಡ ಅಲ್ವಾ?

ಜಗಲಿಕಟ್ಟೆ (ಹೆಗ್ಗೋಡು)

ಬೇಡ. ಬ್ಲೂಟೂತಿನಲ್ಲಿ ದನಿ ತಡವಾಗಿ ಬರುತ್ತದೆ, ಎಷ್ಟೋ ಸಲ ನೂರು ಮಿಲಿಸೆಕೆಂಡಿಗಿಂತ ಜಾಸ್ತಿ. ಮಾತಿಗೆ ಅದು ಗೊತ್ತಾಗುವುದಿಲ್ಲ, ತಾಳಕ್ಕೆ ಗೊತ್ತಾಗುತ್ತದೆ. ಮೇಲಾಗಿ ಮೈಕ್ ಶುರುವಾದ ಕೂಡಲೇ ಹೆಡ್‌ಸೆಟ್ ಫೋನ್ ಕರೆಯ ಮಟ್ಟಕ್ಕೆ ಇಳಿದು ಸಂಗೀತವೂ ಡಬ್ಬಿಯೊಳಗಿನಿಂದ ಬಂದ ಹಾಗೆ ಕೇಳುತ್ತದೆ. ತಂತಿಯೇ ಸರಿ. ಟಿವಿಗೆ ಜೋಡಿಸಿದ್ದರೆ ಅದರಲ್ಲಿ ಗೇಮ್ ಮೋಡ್ ಹಾಕಿ, ಆಮೇಲೆ ಆಟದ ಒಳಗೆ ಕ್ಯಾಲಿಬ್ರೇಷನ್ (ದನಿ, ಚಿತ್ರದ ತಡವನ್ನು ಸರಿಹೊಂದಿಸುವುದು) ಮಾಡಿ.

ಅಡಿಕೆಚಪ್ಪರ (ತೀರ್ಥಹಳ್ಳಿ)

ಕಾಲರಿಗೆ ಸಿಕ್ಕಿಸುವ ಕ್ಲಿಪ್ ಮೈಕ್ ಈಗ ಎಲ್ಲ ಕಡೆ ಸಿಗುತ್ತದೆ. ವಿಡಿಯೊ ಮಾಡುವವರು ಹಾಕಿಕೊಳ್ಳುತ್ತಾರಲ್ಲ, ಅದು. ಅಷ್ಟು ಸುಲಭ ಇರುವಾಗ ಹೇರ್‌ಬ್ಯಾಂಡ್, ಬಕೆಟ್ ಎಲ್ಲ ಯಾಕೆ?

ಹಿನ್ನೀರು (ಸಾಗರ)

ನಾನೂ ಮೊದಲು ಅದನ್ನೇ ಹಾಕಿ ನೋಡಿದೆ. ಎದೆಯ ಮೇಲೆ ಇಟ್ಟರೆ ಬಾಯಿಂದ ಒಂದು ಗೇಣು ದೂರ. ಅದರ ಸ್ವಲ್ಪ ಕೆಳಗೆ ಗಿಟಾರ್. ಸ್ಟ್ರಮ್ ಪಟ್ಟಿ ಪ್ರತಿ ಸಲ ಟಕ್ ಟಕ್ ಅನ್ನುತ್ತದೆ. ಕ್ಲಿಪ್ ಮೈಕುಗಳು ಹೆಚ್ಚಿನವು ಎಲ್ಲ ದಿಕ್ಕನ್ನೂ ಒಂದೇ ಸಮ ಕೇಳುತ್ತವೆ. ನನ್ನ ಹಾಡಿಗಿಂತ ಆ ಟಕ್ ಜೋರಾಗಿ ಬಂತು. ಅದೇ ಕ್ಲಿಪ್ ಮೈಕನ್ನು ತಂತಿಯ ತುದಿಗೆ ಸಿಕ್ಕಿಸಿ ಕೆನ್ನೆಗೆ ತಂದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೈಕ್ ಕೆಟ್ಟದ್ದಲ್ಲ, ಇಟ್ಟ ಜಾಗ ಸರಿ ಇಲ್ಲ ಅಷ್ಟೇ.

ಉಕ್ಕಿನೂರು (ಭದ್ರಾವತಿ)

ಇಲ್ಲಿ ಎಲ್ಲ ಗಿಟಾರಿನವರೇ ಇದ್ದೀರಿ. ನಾನು ಡ್ರಮ್. ನನ್ನ ಕಷ್ಟ ಬೇರೆ.

ಗಿಟಾರಿನವರ ಮೈ ಅಲುಗಿದರೂ ಕಣ್ಣು ಪರದೆಯ ಮೇಲಿರುವುದರಿಂದ ತಲೆ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಡ್ರಮ್ಮಿನಲ್ಲಿ ಬಲಗಾಲು ಪೆಡಲ್ ತುಳಿಯುವಾಗ ಮೈ ಇಡೀ ಕುಣಿಯುತ್ತದೆ. ಎದುರಿಗೆ ಸ್ಟ್ಯಾಂಡ್ ಇಟ್ಟರೆ ಕೋಲು ಬಡಿಯುತ್ತದೆ, ಪಕ್ಕಕ್ಕೆ ಇಟ್ಟರೆ ಮೊಣಕೈ ತಾಗುತ್ತದೆ. ತಲೆಗೆ ಕಟ್ಟಿದರೆ ಬೆವರಿಗೆ ಹೇರ್‌ಬ್ಯಾಂಡ್ ಜಾರುತ್ತದೆ. ಪ್ಯಾಡಿನ ಥಡ್ ಥಡ್ ಶಬ್ದವೂ ಮೈಕಿಗೆ ಹೋಗುತ್ತದೆ.

ಕೊನೆಗೆ ಪರಿಹಾರ ಸಿಕ್ಕಿದ್ದು ಅಜ್ಜನ ಮನೆಯಲ್ಲಿ. ಹೊಸನಗರದ ಹತ್ತಿರ ಹಳೆಯ ಹೆಂಚಿನ ಮನೆ, ಜಂತಿಗಳು ಕೈಗೆಟುಕುವಷ್ಟು ಕೆಳಗೆ. ರಜೆಯಲ್ಲಿ ಡ್ರಮ್ ಅಲ್ಲಿಗೇ ಒಯ್ದಿದ್ದೆ. ಜಂತಿಗೆ ಹಗ್ಗ ಹಾಕಿ ಮೈಕನ್ನು ಮೇಲಿನಿಂದ ಇಳಿಬಿಟ್ಟೆ. ಒಂದೇ ಹಗ್ಗ ಆದರೆ ತಿರುಗುತ್ತದೆ. ಎರಡು ಹಗ್ಗವನ್ನು ವಿ ಆಕಾರದಲ್ಲಿ, ಎರಡು ಬೇರೆ ಜಂತಿಯಿಂದ ಕಟ್ಟಿದೆ. ಮೂರನೆಯದು ತೆಳು ದಾರ, ಹಿಂದಕ್ಕೆ ಎಳೆದು ಕಿಟಕಿ ಸರಳಿಗೆ ಕಟ್ಟಿದೆ. ಆ ದಾರ ಬಿಗಿ ಮಾಡಿದರೆ ಮೈಕ್ ದೂರ, ಸಡಿಲ ಬಿಟ್ಟರೆ ಹತ್ತಿರ. ಕೆಳಗೆ ಏನೂ ಇಲ್ಲ, ಕೋಲು ಆಡಿಸಲು ಪೂರ್ತಿ ಜಾಗ. ಪ್ಯಾಡು ಅದುರಿದರೂ ಮೈಕಿಗೆ ಅದು ತಾಗುವುದಿಲ್ಲ, ಯಾಕಂದ್ರೆ ನೆಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಭದ್ರಾವತಿಯ ಮನೆ ಆರ್‌ಸಿಸಿ. ಅಲ್ಲಿ ಸೊಳ್ಳೆಪರದೆ ಕಟ್ಟುವ ಮೊಳೆಗಳನ್ನೇ ಬಳಸಿದೆ. ನಾಲ್ಕು ಮೂಲೆಯಿಂದ ದಾರ ತಂದು ನಡುವೆ ಸೇರಿಸಿದರೆ ಆಯಿತು. ದಯವಿಟ್ಟು ಫ್ಯಾನಿನ ಕೊಕ್ಕೆಗೆ ಮಾತ್ರ ಕಟ್ಟಬೇಡಿ. ಶ್ಯೂರ್ ಎಸ್‌ಎಂ58 ನಂಥ ಮೈಕ್ 298 ಗ್ರಾಂ ತೂಗುತ್ತದೆ. ತಲೆಯ ಮೇಲೆ ಬಿದ್ದರೆ ಪೆಟ್ಟಾಗುತ್ತದೆ. ಗಂಟು ಎರಡು ಸಲ ನೋಡಿ.

ಇನ್ನೊಂದು. ರಾಕ್ ಬ್ಯಾಂಡಿನ ಕೆಲವು ಹಾಡುಗಳ ಮಧ್ಯೆ, ಹಾಡುವವರು ಮೈಕನ್ನು ತಟ್ಟಿ ತಾಳ ಹಾಕುವ ಭಾಗ ಬರುತ್ತದೆ. ಕೈ ಖಾಲಿ ಇಲ್ಲದಿದ್ದಾಗ ನಾನು ಮೈಕಿಗೆ ಹತ್ತಿರ ಬಂದು ನಾಲಿಗೆಯಲ್ಲಿ ಟಕ್ ಅನ್ನಿಸುತ್ತೇನೆ. ಹೆಚ್ಚಿನ ಸಲ ಹಿಡಿಯುತ್ತದೆ.

ಮದ್ದಳೆದನಿ (ಹೊಸನಗರ)

ಇದನ್ನೆಲ್ಲ ಓದುತ್ತಾ ನನಗೆ ಯಕ್ಷಗಾನದ ಭಾಗವತರೇ ಕಣ್ಣ ಮುಂದೆ ಬಂದರು. ಅವರ ಎರಡೂ ಕೈಯಲ್ಲಿ ತಾಳ. ಪದ ಹೇಳುತ್ತಾ ತಾಳ ಹಾಕಬೇಕು, ವೇಷಧಾರಿಯ ಕಾಲನ್ನು ನೋಡಬೇಕು, ಪಕ್ಕದ ಮದ್ದಳೆಯವರಿಗೆ ಕಣ್ಣಲ್ಲೇ ಸೂಚನೆ ಕೊಡಬೇಕು. ರಾತ್ರಿಯಿಡೀ. ನಿಮ್ಮ ಆಟದಲ್ಲೂ ಅದೇ ಕೆಲಸ ಅಲ್ವಾ? ಸಾಹಿತ್ಯ ಪರದೆಯ ಮೇಲ್ಭಾಗದಲ್ಲಿ ಓಡುತ್ತದೆ, ಬಾರಿಸುವ ಗುರುತು ಅದರ ಕೆಳಗೆ ಇಳಿದು ಬರುತ್ತದೆ. ಕಣ್ಣು ಒಂದು, ಕೆಲಸ ಎರಡು.

ನಾನು ಮೇಳದ ಆಟಗಳಿಗೆ ಚಿಕ್ಕಂದಿನಿಂದ ಹೋಗಿ ಭಾಗವತರ ಮೈಕನ್ನು ಗಮನಿಸಿದ್ದೇನೆ. ಒಳ್ಳೆಯ ಭಾಗವತರು ಮೊದಲು ತಾವು ಆರಾಮವಾಗಿ ಕೂರುತ್ತಾರೆ. ಎರಡು ಸಲ ತಾಳ ಹಾಕಿ ನೋಡುತ್ತಾರೆ. ಆಮೇಲೆ ಮೈಕನ್ನು ತಮ್ಮ ಬಾಯಿ ಇರುವಲ್ಲಿಗೆ ತರಿಸುತ್ತಾರೆ. ಬಾಯನ್ನು ಮೈಕ್ ಇರುವಲ್ಲಿಗೆ ಒಯ್ಯುವುದಿಲ್ಲ. ನೀವೂ ಹಾಗೇ ಮಾಡಿ. ಗಿಟಾರ್ ಹಾಕಿಕೊಂಡು, ಮೈಕ್ ಇಲ್ಲದೇ ಒಂದು ಹಾಡು ಬಾರಿಸಿ. ತಲೆ ತಾನಾಗಿ ಎಲ್ಲಿ ನಿಲ್ಲುತ್ತದೆ ಅಂತ ಮನೆಯವರಿಗೆ ನೋಡಲು ಹೇಳಿ. ಅಲ್ಲಿಗೆ ಮೈಕ್ ತನ್ನಿ. ಎಷ್ಟೋ ಜನ ಸ್ಟ್ಯಾಂಡ್ ಮೊದಲು ನಿಲ್ಲಿಸಿ, ಆಮೇಲೆ ಕುತ್ತಿಗೆ ಚಾಚಿ ಹಾಡುತ್ತಾರೆ. ಕುತ್ತಿಗೆ ಚಾಚಿದರೆ ಗಂಟಲು ಬಿಗಿಯುತ್ತದೆ, ಮೇಲಿನ ಸ್ವರ ಬರುವುದಿಲ್ಲ.

ಹಾಡುತ್ತಾ ಬಾರಿಸುವುದು ಕಷ್ಟ ಅನ್ನುವವರಿಗೂ ಒಂದು ಮಾತು. ಸಂಗೀತದ ಪಾಠಕ್ಕೆ ಹೋದ ಮಕ್ಕಳನ್ನು ನೋಡಿ. ಮೊದಲ ದಿನದಿಂದ ಸರಳೆ ವರಸೆ ಹೇಳುತ್ತಾ ತೊಡೆಯ ಮೇಲೆ ಆದಿತಾಳ ಹಾಕುತ್ತಾರೆ. ಮೊದಲು ಕೈ ತಪ್ಪುತ್ತದೆ, ಕೆಲವು ವಾರದಲ್ಲಿ ಕೈ ತನ್ನಷ್ಟಕ್ಕೆ ನಡೆಯುತ್ತದೆ. ಇದೂ ಹಾಗೆಯೇ. ಕೈಗೆ ಪೂರ್ತಿ ಬರುವವರೆಗೆ ಬರೀ ಬಾರಿಸಿ. ಆಮೇಲೆ ಬಾಯಲ್ಲಿ ಗುನುಗಿ. ಸಾಹಿತ್ಯ ಕೊನೆಗೆ. ಗಿಟಾರನ್ನು ಒಂದು ಹಂತ ಸುಲಭಕ್ಕೆ ಇಳಿಸಿಕೊಳ್ಳುವುದರಲ್ಲಿ ಏನೂ ತಪ್ಪಿಲ್ಲ.

ಜಗಲಿಕಟ್ಟೆ (ಹೆಗ್ಗೋಡು)

ಮದ್ದಳೆದನಿಯವರ ಮಾತಿಗೆ ಕೈ ಮುಗಿದೆ. ಬಾಯಿ ಇರುವಲ್ಲಿಗೆ ಮೈಕ್ ತರುವುದು. ನಾನು ಹೇಳಲು ಹೊರಟಿದ್ದೂ ಅದೇ.

ಹಿನ್ನೀರು ಅವರ ಹೇರ್‌ಬ್ಯಾಂಡ್ ಬಗ್ಗೆ ಒಂದು ವಿಷಯ ನೆನಪಾಯಿತು. ಇಂಗ್ಲೆಂಡಿನ ಗಾಯಕಿ ಕೇಟ್ ಬುಷ್ 1979ರ ತಮ್ಮ ಪ್ರವಾಸದಲ್ಲಿ ಕುಣಿಯುತ್ತಾ ಹಾಡಬೇಕಿತ್ತು. ಆಗ ಅವರ ಸೌಂಡ್ ಎಂಜಿನಿಯರ್ ಬಟ್ಟೆ ತೂಗುಹಾಕುವ ತಂತಿಯ ಹ್ಯಾಂಗರನ್ನೇ ಬಗ್ಗಿಸಿ ತಲೆಗೆ ಹಾಕುವ ಮೈಕ್ ಮಾಡಿಕೊಟ್ಟರು. ಇಂದು ದೊಡ್ಡ ವೇದಿಕೆಗಳಲ್ಲಿ ಕಾಣುವ ಕೆನ್ನೆ ಮೈಕಿನ ಹಿಂದೆ ಅಂಥ ಪ್ರಯತ್ನಗಳಿವೆ. ನಿಮ್ಮ ಹೇರ್‌ಬ್ಯಾಂಡ್ ಅದೇ ಸಾಲಿನದು. ಜಾರುವುದಕ್ಕೆ ಮದ್ದು ಔಷಧಿ ಅಂಗಡಿಯಲ್ಲಿ ಸಿಗುವ ಕಾಗದದ ಟೇಪ್. ಕೆನ್ನೆಯ ಮೇಲೆ ತಂತಿಗೆ ಒಂದು ಪಟ್ಟಿ ಹಚ್ಚಿದರೆ ಬೆವರಿದರೂ ನಿಲ್ಲುತ್ತದೆ. ನಾಟಕದಲ್ಲಿ ನಾವು ಹಾಗೇ ಮಾಡುತ್ತೇವೆ.

ಕೊಡಚಾದ್ರಿ ನೆರಳು (ಹೊಸನಗರ)

ನನ್ನ ಮಗಳಿಗೆ 9 ವರ್ಷ. ಈ ಚರ್ಚೆ ಓದಿ ಅವಳಿಗೂ ಮಾಡಿಕೊಡಬೇಕು ಅನ್ನಿಸಿತು. ಹಾರ್ಮೋನಿಕಾ ನುಡಿಸುವವರು ಕುತ್ತಿಗೆಗೆ ಹಾಕಿಕೊಳ್ಳುವ ತಂತಿಯ ಹೋಲ್ಡರ್ ಇದೆಯಲ್ಲ, ಆ ತರಹ ಹೆಗಲ ಮೇಲೆ ಕೂರುವ ಹಾಗೆ ಜಿಐ ತಂತಿಯಲ್ಲಿ ಬಗ್ಗಿಸಿದೆ. ಹಗುರ ಮೈಕಿಗೆ ಚೆನ್ನಾಗಿದೆ, ಭಾರದ್ದಕ್ಕೆ ಮುಂದೆ ಬಾಗುತ್ತದೆ.

ಮಕ್ಕಳಿಗೆ ಮಾಡುವವರು ಎರಡು ವಿಷಯ ನೋಡಿಕೊಳ್ಳಿ. ತಂತಿಯ ತುದಿಗಳನ್ನು ಮಡಚಿ ಬಟ್ಟೆ ಸುತ್ತಿ, ಕಣ್ಣಿಗೆ ಹತ್ತಿರ ಇರುತ್ತದೆ. ಕೇಬಲನ್ನು ಕುತ್ತಿಗೆಗೆ ಸುತ್ತಿ ಕಟ್ಟಬೇಡಿ. ಹೋಲ್ಡರ್ ಹಿಂದೆ ತೆರೆದೇ ಇರಲಿ, ಎಳೆದರೆ ಕಳಚಿ ಬರಬೇಕು. ಕೇಬಲ್ ಬೆನ್ನ ಹಿಂದಿನಿಂದ ಹೋಗಿ ಸೊಂಟದಲ್ಲಿ ಒಂದು ಕ್ಲಿಪ್ ಹಾಕಿದರೆ ಕಾಲಿಗೆ ಸಿಕ್ಕುವುದಿಲ್ಲ.

ಮತ್ತೆ ಅವಳ ಪ್ರಶ್ನೆ ಒಂದಿತ್ತು. ಹಾಡಿರುವುದು ಗಂಡು ದನಿ, ಅಷ್ಟು ಕೆಳಗೆ ಅವಳಿಗೆ ಬರುವುದಿಲ್ಲ. ನಾನು ಹುಡುಕಿ ನೋಡಿದೆ. ರಾಕ್ ಬ್ಯಾಂಡ್, ಅಲ್ಟ್ರಾಸ್ಟಾರ್ (ಬರೀ ಹಾಡುವ ಇನ್ನೊಂದು ಆಟ) ಎರಡೂ ಸ್ಥಾಯಿ ನೋಡುವುದಿಲ್ಲ, ಸ್ವರ ಮಾತ್ರ ನೋಡುತ್ತವೆ. ಒಂದು ಸ್ಥಾಯಿ ಮೇಲೆ ಹಾಡಿದರೂ ಅಂಕ ಬರುತ್ತದೆ. ಇದು ಗೊತ್ತಾದ ಮೇಲೆ ಅವಳ ದನಿ ಬಿಚ್ಚಿಕೊಂಡಿತು.

ಅಡಿಕೆಚಪ್ಪರ (ತೀರ್ಥಹಳ್ಳಿ)

ಕಾಲರಿನ ವಿಷಯ ಒಪ್ಪಿದೆ. ಹಿನ್ನೀರು ಅವರು ಹೇಳಿದ ಹಾಗೆ ಕೆನ್ನೆಗೆ ತಂದೆ, ಟಕ್ ಟಕ್ ಬಹಳ ಕಡಿಮೆಯಾಯಿತು.

ನಮ್ಮ ಮಳೆಗಾಲದ ಬಗ್ಗೆ ಯಾರೂ ಹೇಳಲಿಲ್ಲ. ಅಟ್ಟದ ಮೇಲೆ ಶೀಟ್ ಹಾಕಿದ್ದೇವೆ, ಮಳೆ ಜೋರಾದರೆ ಪಕ್ಕದವರ ಮಾತೇ ಕೇಳುವುದಿಲ್ಲ. ಮೈಕ್ ದೂರ ಇದ್ದಾಗ ಆಟ ಪೂರ್ತಿ ಕಂಗಾಲಾಗುತ್ತಿತ್ತು. ಹತ್ತಿರ ತಂದು, ಮೈಕಿನ ಮಟ್ಟವನ್ನು ವಿಂಡೋಸಿನಲ್ಲಿ ಇಳಿಸಿದೆ. ಈಗ ಮಳೆ ಬಂದರೂ ಹಾಡಬಹುದು. ಇನ್ನೊಂದು, ತೇವ. ಫೋಮ್ ಟೊಪ್ಪಿಗೆ ಉಸಿರಿನ ಪಸೆ ಸೇರಿ ಎರಡೇ ವಾರದಲ್ಲಿ ಬೂಷ್ಟು ಹಿಡಿಯಿತು. ಈಗ ಆಡಿ ಮುಗಿದ ಮೇಲೆ ಫೋಮ್ ಬಿಚ್ಚಿ ಒಲೆಯ ಹತ್ತಿರ ಒಣಗಿಸುತ್ತೇನೆ. ಮೈಕನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ಗುಡುಗು ಶುರುವಾದರೆ ಆಟ ನಿಲ್ಲಿಸಿ, ಎಲ್ಲ ಪ್ಲಗ್ ಕಿತ್ತುಬಿಡಿ.

ತುಂಗಾದಂಡೆ (ಶಿವಮೊಗ್ಗ)

ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ. ನಾನು ಎರಡನ್ನೂ ಮಾಡಿದೆ.

ಹೇರ್‌ಬ್ಯಾಂಡ್ ಮೈಕ್ ಒಂದು ಸಂಜೆಯಲ್ಲಿ ಆಯಿತು. ಕೆಲಸ ಮಾಡುತ್ತದೆ. ಆದರೆ ಅದರ ಮೇಲೆ ಹೆಡ್‌ಫೋನ್ ಹಾಕಿದರೆ ಕಿವಿಯ ಹಿಂದೆ ಒತ್ತುತ್ತದೆ, ಮೂರು ಹಾಡಿಗೆ ನೋಯುತ್ತದೆ. ಆಮೇಲೆ ತಂತಿಯನ್ನು ಹೇರ್‌ಬ್ಯಾಂಡಿನಿಂದ ಬಿಡಿಸಿ ನೇರವಾಗಿ ಹೆಡ್‌ಫೋನಿನ ಎಡ ಬಟ್ಟಲಿಗೇ ಕಟ್ಟಿದೆ. ತಲೆಗೆ ಒಂದೇ ವಸ್ತು, ನೋವಿಲ್ಲ. ಇದನ್ನು ಯಾರೂ ಹೇಳಿರಲಿಲ್ಲ, ಹಾಗಾಗಿ ಬರೆದಿದ್ದೇನೆ.

ಬಕೆಟ್ ಸ್ಟ್ಯಾಂಡಿಗೆ ಅಪ್ಪ ಜೊತೆಗೂಡಿದರು. ಮದ್ದಳೆದನಿಯವರು ಹೇಳಿದ ಹಾಗೆ ನಾನು ಮೊದಲು ಬಾರಿಸಿದೆ. ತಂಗಿ ನನ್ನ ಬಾಯಿಯ ಎತ್ತರಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿದಳು. ನಾನು ಅಂದುಕೊಂಡದ್ದಕ್ಕಿಂತ ನಾಲ್ಕು ಬೆರಳು ಕೆಳಗೆ ಇತ್ತು! ಬಾರಿಸುವಾಗ ನಾನು ಮೊಣಕಾಲು ಬಗ್ಗಿಸುತ್ತೇನಂತೆ, ನನಗೇ ಗೊತ್ತಿರಲಿಲ್ಲ. ಅಲ್ಲಿಗೆ ಮೈಕ್ ತಂದ ಮೇಲೆ ಮೇಲಿನ ಸ್ವರಗಳು ಸಲೀಸಾಗಿ ಬಂದವು.

ನಿನ್ನೆ ರಾತ್ರಿ ಮಳೆಯಲ್ಲೇ ಒಂದು ಹಾಡು ಪೂರ್ತಿ ಮುಗಿಸಿದೆ. ಗಿಟಾರ್ ಮೀಡಿಯಂ, ಹಾಡು 84. ಸ್ಪೀಕರಿನ ಸಹಾಯ ಇಲ್ಲ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದರು.

ಈಗ ತಂಗಿಗೂ ಮನಸ್ಸು ಬಂದಿದೆ. ಯಾರ್ಗ್‌ನಲ್ಲಿ ಹಾರ್ಮನಿ ಇರುವುದರಿಂದ ಎರಡನೇ ಸ್ಟ್ಯಾಂಡ್ ಬೇಕು. ನಾನು ತಂದ ವಾಟೆ ಹಸಿಯದ್ದು, ಒಣಗುತ್ತಾ ಉದ್ದಕ್ಕೆ ಸೀಳಿಬಿಟ್ಟಿದೆ, ಟೇಪ್ ಸುತ್ತಿ ನಿಲ್ಲಿಸಿದ್ದೇನೆ. ಚೆನ್ನಾಗಿ ಒಣಗಿದ್ದು ಯಾರ ಹತ್ತಿರವಾದರೂ ಇದೆಯಾ? ಭಾನುವಾರ ಸಾಗರದ ಕಡೆ ಬರುತ್ತಿದ್ದೇನೆ.

ಜಗಲಿಕಟ್ಟೆ (ಹೆಗ್ಗೋಡು)

ನಮ್ಮ ಅಟ್ಟದಲ್ಲಿ ಎರಡು ಇದೆ, ಹೊಗೆಯಲ್ಲಿ ಎರಡು ವರ್ಷ ಒಣಗಿದ್ದು. ಗಂಟು ತೂತು ಮಾಡಿಯೇ ಇಟ್ಟಿರುತ್ತೇನೆ. ಬರುವಾಗ ನಿಮ್ಮ ಮೈಕ್ ಕೇಬಲ್ ತನ್ನಿ, ಇಲ್ಲೇ ಎಳೆದು ನೋಡೋಣ.